ಸೈಕಲ್ ಶಾಕಪ್‌ಗೆ ಬೈಕಿನ ಅಳತೆಯಲ್ಲಿ ಆಯಿಲ್ ಹಾಕಿಸಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಏರ್ ಫೋರ್ಕ್ (ಸ್ಪ್ರಿಂಗ್ ಬದಲು ಗಾಳಿಯ ಮೇಲೆ ಕುಣಿಯುವ ಮುಂದಿನ ಶಾಕಪ್) ಇರುವ ಮೌಂಟನ್ ಸೈಕಲ್ ಇಟ್ಟುಕೊಂಡವರಿಗೆ ಈ ಬರಹ. ಮುಂದಿನ ಶಾಕಪ್ ಸರ್ವಿಸ್ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ, ಸೈಕಲ್ ಬಿಟ್ಟು ಬರುವ ಮೊದಲು ಒಂದು ಪ್ರಶ್ನೆ ಕೇಳಿ: ಫೋರ್ಕಿನ ಒಂದೊಂದು ಕಾಲಿಗೆ, ಅಂದರೆ ಚಕ್ರದ ಎರಡೂ ಬದಿಯ ಕೊಳವೆಗೆ, ಎಷ್ಟು ಮಿಲಿ ಆಯಿಲ್ ಹಾಕ್ತೀರಿ? "ಹಾಕ್ತೀವಲ್ರಿ, ಎಷ್ಟು ಬೇಕೋ ಅಷ್ಟು" ಅಂತ ಉತ್ತರ ಬಂದರೆ ಸೈಕಲ್ ಹೊರಳಿಸಿಕೊಂಡು ಮನೆಗೆ ಬನ್ನಿ.

ನನ್ನ ಸೈಕಲ್‌ಗೆ ಆದದ್ದು ಹೇಳುತ್ತೇನೆ. ಅಂಗಡಿ ಹೆಸರು ಹೇಳುವುದಿಲ್ಲ, ಅದರ ಅಗತ್ಯವೂ ಇಲ್ಲ. ಇಂಥ ಅಂಗಡಿ ಎಲ್ಲ ಊರಲ್ಲೂ ಇವೆ.

ನಮ್ಮ ಕಡೆ ಶಾಕಪ್ ಹಾಳಾಗುವುದಕ್ಕೆ ಮಣ್ಣೇ ಸಾಕು. ನವಲಗುಂದದ ಕಡೆ ಹೋದರೆ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಅದು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ ಹೊತ್ತುಕೊಂಡೇ ಬರಬೇಕಾಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಹಿಟ್ಟಿನಂಥ ಧೂಳಾಗಿ ಎಲ್ಲ ಸಂದಿಗೂ ಇಳಿಯುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ನನ್ನ ಫೋರ್ಕ್ ಬಿಗಿಯಾಗಿತ್ತು. ಸಣ್ಣ ತಗ್ಗಿಗೆ ಕದಲುವುದೇ ಇಲ್ಲ, ದೊಡ್ಡ ತಗ್ಗಿಗೆ ಒಮ್ಮೆಲೇ ಧಡ್ ಅಂತ ಕುಸಿಯುತ್ತದೆ. ಕಾಲಿನ ಬಾಯಿಗೆ ಕೂರುವ ರಬ್ಬರ್ ಸೀಲ್ ಒಣಗಿ ಧೂಳು ಹಿಡಿದಾಗ ಹೀಗೇ ಆಗುತ್ತದೆ. ಕೆಲಸ ದೊಡ್ಡದಲ್ಲ. ಕೆಳಗಿನ ಕಾಲು ಬಿಚ್ಚಿ, ಒರೆಸಿ, ಹೊಸ ಆಯಿಲ್ ಹಾಕಿ, ಮತ್ತೆ ಕೂರಿಸುವುದು. "ಎಲ್ಲ ಗೇರ್ ಸೈಕಲ್ ಸಸ್ಪೆನ್ಶನ್ ಸರ್ವಿಸ್" ಅಂತ ಹುಬ್ಬಳ್ಳಿಯ ಆ ಅಂಗಡಿಯ ಬೋರ್ಡಿನಲ್ಲೇ ಬರೆದಿತ್ತು. ಒಳಗೆ ಕೆಲಸವೆಲ್ಲ ಬೈಕಿನದೇ.

"ಸರ, ಶಾಕಪ್ ಅಂದ್ರ ಶಾಕಪ್. ದಿನಾ ಬಿಚ್ಚತೇವಿ. ಚಿಂತಿ ಮಾಡಬ್ಯಾಡ್ರಿ, ನಾಳೆ ಸಂಜಿಗೆ ಬರ್ರಿ" ಅಂದರು ಮಾಲಕರು.

ಮರುದಿನ ಸೈಕಲ್ ನೋಡಿದರೆ ಫಳಫಳ ಹೊಳೆಯುತ್ತಿತ್ತು. ವಾಟರ್ ಸರ್ವಿಸ್ ಬೇರೆ ಮಾಡಿದ್ದರು, ಕೇಳದೆಯೇ. ಫೋರ್ಕಿನ ಮೇಲಿನ ಪೈಪುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿದ್ದರು, ಬೆರಳಿಟ್ಟರೆ ಜಾರುತ್ತಿತ್ತು. ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿದೆ. ಮೊದಲು ಮೆತ್ತಗೆ ಇಳಿಯಿತು, ಅರ್ಧಕ್ಕೆ ಬಂದು ಗೋಡೆಗೆ ತಾಗಿದ ಹಾಗೆ ನಿಂತಿತು. ಪೈಪಿನ ಮೇಲೊಂದು ರಬ್ಬರ್ ಓ-ರಿಂಗ್ ಇರುತ್ತದಲ್ಲ, ಫೋರ್ಕ್ ಎಷ್ಟು ಇಳಿಯಿತು ಅಂತ ತೋರಿಸುವುದು, ಅದು ಅರ್ಧ ದಾಟಲೇ ಇಲ್ಲ. ಕೇಳಿದರೆ, "ಹೊಸಾ ಆಯಿಲ್ ಐತ್ರಿ, ಓಡಿಸಿದ್ರ ಸೆಟ್ ಆಗತೈತಿ."

ಸೆಟ್ ಆಗಲಿಲ್ಲ. ಮುಂದಿನ ಭಾನುವಾರ ನೃಪತುಂಗ ಬೆಟ್ಟದಿಂದ ಇಳಿಯುವಾಗ ಮುಂದಿನ ಬ್ರೇಕ್ ಒತ್ತಿದರೆ ಕಿರ್ರ್ ಅಂತ ಕೂಗಿತು, ಆದರೆ ಹಿಡಿಯಲಿಲ್ಲ. ಬೆಳಗಿನ ಹೊತ್ತು ಅಲ್ಲಿ ವಾಕಿಂಗ್ ಬರುವವರು ಎಷ್ಟು ಜನ ಅಂತ ಹುಬ್ಬಳ್ಳಿಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ಬ್ರೇಕ್ ಮೇಲೆ, ಕಾಲು ಉಜ್ಜಿಕೊಂಡು, ಹೇಗೋ ಬದಿಗೆ ತಂದು ನಿಲ್ಲಿಸಿದೆ. ನೋಡಿದರೆ ಎಡಗಾಲಿನ ಸೀಲ್ ಒಂದು ಕಡೆ ಮೇಲೆದ್ದಿದೆ. ಅಲ್ಲಿಂದ ಕೆಂಪು ಆಯಿಲ್ ಸಣ್ಣ ಗೆರೆಯಾಗಿ ಕಾಲಿನುದ್ದಕ್ಕೂ ಇಳಿದು ಬ್ರೇಕ್ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಸೇರಿದೆ. ಡಿಸ್ಕ್ ತುಂಬ ಎಣ್ಣೆ. ಸೈಕಲ್‌ನಲ್ಲಿ ಡಿಸ್ಕ್ ಇರುವುದೂ ಎಡಗಡೆಯೇ.

ಧಾರವಾಡದಲ್ಲಿ ತನ್ನ ಸೈಕಲ್ ತಾನೇ ಬಿಚ್ಚಿ ಜೋಡಿಸುವ ಗೆಳೆಯನೊಬ್ಬ ಇದ್ದಾನೆ. ಅವನ ಮನೆ ಪಡಸಾಲೆಯಲ್ಲಿ ಪೇಪರ್ ಹಾಸಿ ಬಿಚ್ಚಿದೆವು. ಬುಡದ ಬೋಲ್ಟ್ ಸಡಿಲ ಮಾಡಿ ಕಾಲು ಎಳೆದದ್ದೇ ತಡ, ಆಯಿಲ್ ಬುಳುಬುಳು ಬಂತು. ತಾಟು ತುಂಬಿ ಪೇಪರ್ ಮೇಲೆ ಹರಿಯಿತು. ಅಳೆದು ನೋಡಿದರೆ ಒಂದೊಂದು ಕಾಲಿನಲ್ಲೂ ನೂರು ಮಿಲಿಗಿಂತ ಜಾಸ್ತಿ. ಆ ಫೋರ್ಕಿನ ಮಾನ್ಯುಯಲ್ ಹೇಳುವುದು ಕಾಲಿಗೆ 10 ಮಿಲಿ.

ಇಲ್ಲೇ ಇರುವುದು ಎಲ್ಲ ಗೊಂದಲದ ಬೇರು. ಸಾಮಾನ್ಯ ಬೈಕಿನ ಶಾಕಪ್‌ನಲ್ಲಿ ಕಾಲಿನೊಳಗಿನ ಆಯಿಲ್ಲೇ ಕುಣಿತ ತಡೆಯುವ ಕೆಲಸ ಮಾಡುತ್ತದೆ. ಅದಕ್ಕೇ ಅಲ್ಲಿ ನೂರು ಮಿಲಿಗಿಂತ ಜಾಸ್ತಿ ಹಾಕುತ್ತಾರೆ, ಹಾಕಲೇಬೇಕು. ಈಗಿನ ಬಹಳಷ್ಟು ಏರ್ ಫೋರ್ಕ್ ಸೈಕಲ್‌ಗಳಲ್ಲಿ ಹಾಗಲ್ಲ. ಒಂದು ಕಾಲಿನಲ್ಲಿ ಗಾಳಿ, ಅದೇ ಸ್ಪ್ರಿಂಗ್. ಇನ್ನೊಂದು ಕಾಲಿನಲ್ಲಿ ಡ್ಯಾಂಪರ್ (ಕುಣಿತ ತಡೆಯುವ ಭಾಗ), ಅದರ ಆಯಿಲ್ ಅದರ ಜೊತೆ ಮೇಲಿನ ಪೈಪಿನೊಳಗೆ ಮುಚ್ಚಿಕೊಂಡು ಇರುತ್ತದೆ. ಕೆಳಗಿನ ಕಾಲಿಗೆ ಹಾಕುವ ಆಯಿಲ್ ಬರೀ ಜಾರಿಕೆಗೆ, ದೋಸೆ ಹಂಚಿಗೆ ಎಣ್ಣೆ ಸವರಿದಷ್ಟು. ಮಾಡಲ್ ನೋಡಿಕೊಂಡು 5ರಿಂದ 20 ಮಿಲಿ, ಕೆಲವಕ್ಕೆ 30-40. ಹಳೆಯ ಕಾಲದ ಕೆಲವು ಮಾರ್ಜೋಕ್ಕಿ ಕಂಪನಿಯ ಫೋರ್ಕ್‌ಗಳಲ್ಲಿ ಬೈಕಿನ ಹಾಗೆ ಆಯಿಲ್ ತುಂಬಿಸುತ್ತಿದ್ದರು ನಿಜ, ಅವು ಈಗ ನಮ್ಮ ಕಡೆ ಯಾರ ಹತ್ತಿರವೂ ಸಿಗಲಿಕ್ಕಿಲ್ಲ.

ಜಾಸ್ತಿ ಹಾಕಿದರೆ ಏನಾಗುತ್ತದೆ? ಕಾಲಿನೊಳಗೆ ಖಾಲಿ ಜಾಗದಲ್ಲಿ ಗಾಳಿ ಇರುತ್ತದೆ. ಫೋರ್ಕ್ ಇಳಿದಾಗ ಆ ಗಾಳಿ ಒತ್ತಿಕೊಂಡು ಜಾಗ ಕೊಡುತ್ತದೆ. ಆ ಜಾಗವನ್ನೆಲ್ಲ ಆಯಿಲ್ ತಿಂದುಬಿಟ್ಟರೆ, ಉಳಿದ ಚೂರು ಗಾಳಿ ಎಷ್ಟು ಅಂತ ಒತ್ತಿಕೊಂಡೀತು? ಆಯಿಲ್ ಅಂತೂ ಒತ್ತಿಕೊಳ್ಳುವುದಿಲ್ಲ. ಅದಕ್ಕೇ ಫೋರ್ಕ್ ಅರ್ಧಕ್ಕೇ ನಿಲ್ಲುತ್ತದೆ. ಇನ್ನೂ ಜೋರಾಗಿ ಒತ್ತಿದರೆ ಆ ಒತ್ತಡಕ್ಕೆ ಸೀಲ್ ಮೇಲೇಳುತ್ತದೆ. ಬೈಕಿನ ಆಯಿಲ್ ಹಾಕಿದ್ದು ಅಷ್ಟು ದೊಡ್ಡ ಮಾತಲ್ಲ, ಅಳತೆ ತಪ್ಪಿದ್ದೇ ದೊಡ್ಡದು.

ಆಯಿಲ್ ಒಂದೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಧೂಳು ತಡೆಯುವ ವೈಪರ್ ಸೀಲ್ ಕೆಳಗೆ ಬೆರಳ ದಪ್ಪವೂ ಇಲ್ಲದ ಒಂದು ಫೋಮ್ ರಿಂಗ್ ಇರುತ್ತದೆ. ಆಯಿಲ್ ಹೀರಿಕೊಂಡು, ಪೈಪಿಗೆ ಸದಾ ತೆಳ್ಳಗೆ ಸವರುತ್ತಾ ಇರುವುದು ಅದರ ಕೆಲಸ. ನನ್ನ ಫೋರ್ಕಿನಲ್ಲಿ ಎರಡೂ ಕಡೆ ಫೋಮ್ ರಿಂಗೇ ಇರಲಿಲ್ಲ! ಸೀಲ್ ಹಳೆಯದೇ. ಅದನ್ನು ಸ್ಕ್ರೂ ಡ್ರೈವರ್ ಹಾಕಿ ಮೀಟಿ ತೆಗೆದು, ಮತ್ತೆ ಅದನ್ನೇ ಬಡಿದು ಕೂರಿಸಿದ್ದರು. ಟಾರ್ಚ್ ಹಿಡಿದು ನೋಡಿದರೆ ಸೀಲ್ ಕೂರುವ ಅಂಚಿನಲ್ಲಿ ಮೂರ್ನಾಲ್ಕು ಗೀರು, ಕಪ್ಪು ಬಣ್ಣ ಎದ್ದು ಒಳಗಿನ ಲೋಹ ಬೆಳ್ಳಗೆ ಕಾಣುತ್ತಿತ್ತು. ಒಳ್ಳೆಯ ಫೋರ್ಕ್‌ಗಳ ಕೆಳಗಿನ ಕಾಲು ಮೆಗ್ನೀಸಿಯಂ ಮಿಶ್ರಲೋಹದ್ದು, ಮೆತ್ತಗಿರುತ್ತದೆ. ಸೀಲ್‌ನ ತುಟಿಯೂ ಒಂದು ಕಡೆ ಹರಿದಿತ್ತು. ಪುಣ್ಯಕ್ಕೆ ಮೇಲಿನ ಪೈಪಿಗೆ, ಸ್ಟ್ಯಾಂಚನ್ ಅಂತಾರಲ್ಲ, ಅದಕ್ಕೆ ಗೀರು ಬಿದ್ದಿರಲಿಲ್ಲ. ಬಿದ್ದಿದ್ದರೆ ಕತೆ ಮುಗಿದ ಹಾಗೇ. ಅದರ ಮೇಲಿನ ಲೇಪನ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ, ಪೈಪಿನ ಸೆಟ್ ಬದಲಿಸುವ ಖರ್ಚಿನಲ್ಲಿ ಹೊಸ ಫೋರ್ಕೇ ನೋಡೋಣ ಅನಿಸುತ್ತದೆ.

ಅಂಗಡಿಗೆ ಹೋಗಿ ಕೇಳಿದೆ.

"ಸ್ಪಂಜ್ ಹೊಲಸಾಗಿತ್ರಿ, ತಗದು ಒಗದ್ವಿ. ಬೈಕಿನ್ಯಾಗ ಅದು ಇರೂದೇ ಇಲ್ಲಲ್ರಿ" ಅಂದ ಹುಡುಗ. ಆಯಿಲ್ ಬಗ್ಗೆ ಮಾಲಕರನ್ನು ಕೇಳಿದರೆ, "ಜಾಸ್ತಿ ಇದ್ರ ಚಲೋನ ಅಲ್ರಿ ಸರ?"

ಕೂಲಿ ದುಡ್ಡು ವಾಪಸ್ ಕೊಟ್ಟರು, ಅದೂ ಅರ್ಧ ಗಂಟೆ ವಾದ ಆದ ಮೇಲೆ. ಸೀಲ್ ಕಿಟ್, ಬ್ರೇಕ್ ಪ್ಯಾಡ್, ಆಯಿಲ್ ಎಲ್ಲ ನನ್ನ ಜೇಬಿನಿಂದಲೇ. ಮೊದಲ ಸರ್ವಿಸ್‌ಗೆ ಕೊಟ್ಟದ್ದರ ಹಲವು ಪಟ್ಟು ಆಯಿತು. ಅವರು ಮೋಸಗಾರರು ಅಂತ ನನಗೆ ಅನಿಸಿಲ್ಲ, ಬೈಕ್ ಕೆಲಸ ಚೆನ್ನಾಗಿಯೇ ಮಾಡುತ್ತಾರಂತೆ. ಆದರೆ ಗೊತ್ತಿಲ್ಲದ ಕೆಲಸಕ್ಕೆ ಬೋರ್ಡ್ ಹಾಕಿಕೊಂಡು, ಮಾನ್ಯುಯಲ್ ಒಮ್ಮೆಯೂ ತೆರೆಯದೆ ಬಿಚ್ಚುವುದು ಇದೆಯಲ್ಲ, ಅದು ಸಣ್ಣ ತಪ್ಪಲ್ಲ. ಬ್ರೇಕ್ ಹೋದದ್ದು ಇಳಿಜಾರಿನಲ್ಲಿ.

ಹಾಗಾದರೆ ಸರಿಯಾದ ಕೈ ಗುರುತಿಸುವುದು ಹೇಗೆ? ನಾನು ಈಗ ನೋಡುವುದು ಸಿರಿಂಜ್. ಮೆಡಿಕಲ್ ಶಾಪಿನಲ್ಲಿ ಸಿಗುವ 10 ಮಿಲಿ ಸಿರಿಂಜ್, ಸೂಜಿ ತೆಗೆದದ್ದು. ಅದು ಇಲ್ಲದ ಅಂಗಡಿಯಲ್ಲಿ ಸೈಕಲ್ ಫೋರ್ಕಿಗೆ ಅಳತೆಯಿಂದ ಆಯಿಲ್ ಬೀಳುವುದಿಲ್ಲ. ಎರಡನೆಯದು ಶಾಕ್ ಪಂಪ್, ಫೋರ್ಕಿಗೆ ಗಾಳಿ ತುಂಬುವ ಕೈ ಪಂಪ್. ಬಿಚ್ಚುವ ಮೊದಲು ಗಾಳಿ ಎಷ್ಟಿದೆ ಅಂತ ಬರೆದುಕೊಂಡು, ಪೂರ್ತಿ ಬಿಡಬೇಕು. ಗಾಳಿ ಇರುವಾಗಲೇ ಮೇಲಿನ ಕ್ಯಾಪ್ ತಿರುಗಿಸಿದರೆ ಅದು ಗುಂಡಿನ ಹಾಗೆ ಮುಖಕ್ಕೆ ಹಾರಬಹುದು. ಇದನ್ನು ತಮಾಷೆ ಅಂದುಕೊಳ್ಳಬೇಡಿ. ಶಾಕ್ ಪಂಪ್ ಇಲ್ಲ ಅಂದರೆ ಮತ್ತೆ ಗಾಳಿ ತುಂಬುವುದಾದರೂ ಹೇಗೆ? ಪೆಟ್ರೋಲ್ ಬಂಕಿನ ಗಾಳಿ ಇದಕ್ಕೆ ಆಗುವುದಿಲ್ಲ.

ಕೈಯಲ್ಲಿ ಅಲೆನ್ ಕೀ ಹಿಡಿದು ಅಭ್ಯಾಸ ಇದ್ದವರು ಮನೆಯಲ್ಲೇ ಮಾಡಬಹುದು. ನಾವು ಎರಡನೇ ಸಲ ಮಾಡಿದ್ದು ಹೀಗೆ. ಮುಂದಿನ ಚಕ್ರ, ಕ್ಯಾಲಿಪರ್ ಮೊದಲೇ ತೆಗೆದು ದೂರ ಇಟ್ಟೆವು, ಒಂದು ಹನಿಯೂ ಅಲ್ಲಿಗೆ ಹೋಗಬಾರದು. ಗಾಳಿ ಬಿಟ್ಟೆವು. ಬುಡದ ಬೋಲ್ಟ್‌ಗಳನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲ ಮಾಡಿ, ಅಲೆನ್ ಕೀ ಅದರಲ್ಲೇ ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಒಳಗಿನ ರಾಡ್ ಬಿಡುತ್ತದೆ. ಆಮೇಲೆ ಬೋಲ್ಟ್ ತೆಗೆದು ಕಾಲು ಕೆಳಗೆ ಎಳೆಯುವುದು. ಒಳಗೆಲ್ಲ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದೆವು. ಪೆಟ್ರೋಲ್, ಚಿಮಣಿ ಎಣ್ಣೆ ಬೇಡ, ರಬ್ಬರಿಗೆ ಒಳ್ಳೆಯದಲ್ಲ. ಹೊಸ ಫೋಮ್ ರಿಂಗ್‌ಗಳನ್ನು ಆಯಿಲ್‌ನಲ್ಲಿ ಚೆನ್ನಾಗಿ ನೆನೆಸಿ ಕೂರಿಸಿದೆವು. ಹಳೆ ಸೀಲ್ ತೆಗೆಯಲು ಪ್ಲಾಸ್ಟಿಕ್ ಟೈರ್ ಲಿವರ್. ಹೊಸ ಸೀಲ್ ಓರೆಯಾಗದೆ ಕೂರಬೇಕು, ಅದಕ್ಕೆ ಅದರದೇ ಅಳತೆಯ ಡ್ರೈವರ್ ಬರುತ್ತದೆ. ಗೆಳೆಯ ಸರಿಯಾದ ಸೈಜಿನ ಪಿವಿಸಿ ಪೈಪಿನ ತುಂಡು ಇಟ್ಟು ಮೆಲ್ಲಗೆ ತಟ್ಟಿದ, ಚೆನ್ನಾಗಿಯೇ ಕೂತಿತು. ಸೀಲ್‌ನ ಒಳತುಟಿಗೆ ಸಸ್ಪೆನ್ಶನ್ ಗ್ರೀಸ್ ತೆಳ್ಳಗೆ. ಬೇರಿಂಗಿನ ದಪ್ಪ ಗ್ರೀಸ್ ಇಲ್ಲಿ ಹಚ್ಚಬೇಡಿ, ಫೋರ್ಕ್ ಮತ್ತೆ ಬಿಗಿ ಆಗುತ್ತದೆ. ಕಾಲನ್ನು ಅರ್ಧ ಏರಿಸಿ, ಫೋರ್ಕ್ ಓರೆ ಹಿಡಿದು, ಬುಡದ ತೂತಿನಿಂದ ಸಿರಿಂಜ್‌ನಲ್ಲಿ ಅಳತೆಯ ಆಯಿಲ್. ಬೋಲ್ಟ್ ಕೆಳಗಿನ ವಾಷರ್ ಹೊಸದು ಹಾಕಿ, ಇಲ್ಲದಿದ್ದರೆ ಅಲ್ಲಿಂದ ಸೋರುತ್ತದೆ. ಬೋಲ್ಟ್ ಬಿಗಿ ಮಾಡುವುದೂ ಮಾನ್ಯುಯಲ್ ಹೇಳಿದಷ್ಟೇ, ಬಲ ತೋರಿಸುವ ಜಾಗ ಅದಲ್ಲ.

ಸೀಲ್ ತರಿಸುವಾಗ ಸ್ಟ್ಯಾಂಚನ್ ದಪ್ಪ ನೋಡಿ. 30, 32, 34, 35, 36 ಎಂ.ಎಂ. ಹೀಗೆ ಬೇರೆ ಬೇರೆ ಇವೆ. ದಪ್ಪ ಒಂದೇ ಇದ್ದರೂ ಕಂಪನಿ ಬೇರೆಯಾದರೆ ಹೊರಗಿನ ಅಳತೆ ಬೇರೆಯಾಗಬಹುದು. "ಬೈಕಿನ ಸೀಲ್ ಕೂಡುತ್ತೆ" ಅಂದವರ ಮಾತು ಕೇಳಬೇಡಿ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳುತ್ತೀರಿ. ರಾಕ್‌ಶಾಕ್ಸ್‌ನ ಬಹಳಷ್ಟು ಫೋರ್ಕ್‌ಗಳಿಗೆ ಈ ಕೆಳಗಿನ ಕಾಲಿನ ಸರ್ವಿಸ್ 50 ಗಂಟೆ ಓಡಿಸಿದ ಮೇಲೆ. ಇನ್ನೊಂದು ಕಂಪನಿ ಫಾಕ್ಸ್ ಹೇಳುವುದು 125 ಗಂಟೆ ಅಥವಾ ವರ್ಷಕ್ಕೊಮ್ಮೆ. ನಮ್ಮ ಎರಿ ಮಣ್ಣಿಗೆ ನಾನಂತೂ ಮಳೆಗಾಲ ಮುಗಿದ ಕೂಡಲೇ ಒಮ್ಮೆ ಮಾಡಿಸಿ ಅನ್ನುತ್ತೇನೆ. ನಡುವೆ ಮಾಡಬೇಕಾದದ್ದು ಇಷ್ಟೇ: ಓಡಿಸಿ ಬಂದ ಮೇಲೆ ಸೀಲ್ ಸುತ್ತ ಮೆತ್ತನೆಯ ಬಟ್ಟೆಯಿಂದ ಒರೆಸುವುದು. ರಾತ್ರಿ ಸೈಕಲ್ ತಲೆಕೆಳಗೆ ಇಟ್ಟರೆ ಫೋಮ್ ರಿಂಗ್ ಮತ್ತೆ ಆಯಿಲ್ ಕುಡಿಯುತ್ತದೆ. ಹೈಡ್ರಾಲಿಕ್ ಬ್ರೇಕ್ ಇದ್ದರೆ ಬೆಳಿಗ್ಗೆ ಹೊರಡುವ ಮೊದಲು ಲಿವರ್ ಒಮ್ಮೆ ಒತ್ತಿ ನೋಡಿ, ಮೆತ್ತಗೆ ಆಗಿರಬಹುದು. ತುಕ್ಕಿನ ಸ್ಪ್ರೇ ಸೀಲ್ ಮೇಲೆ ಬೇಡವೇ ಬೇಡ. ಅದು ಒಳಗಿನ ಗ್ರೀಸನ್ನು ತೊಳೆದು, ಧೂಳನ್ನು ಜೊತೆಗೆ ಕರೆದುಕೊಂಡು ಒಳಗೆ ಇಳಿಯುತ್ತದೆ. ವಾಟರ್ ಸರ್ವಿಸ್‌ನ ಜೋರು ನೀರೂ ಅಷ್ಟೇ.

ಇನ್ನು ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಬರುವ ಕಾಯಿಲ್ ಸ್ಪ್ರಿಂಗ್ ಫೋರ್ಕ್, ಸನ್‌ಟೂರ್ ಎಕ್ಸ್‌ಸಿಟಿ ಥರದ್ದು, ಅದರಲ್ಲಿ ಆಯಿಲ್ ಹಾಕುವ ಮಾತೇ ಇಲ್ಲ. ಒರೆಸಿ ಗ್ರೀಸ್ ಹಚ್ಚಿದರೆ ಆಯಿತು. ಅದಕ್ಕೂ ಆಯಿಲ್ ಸುರಿದು ಬಿಲ್ ಮಾಡುವವರು ಇದ್ದಾರೆ, ನೋಡಿಕೊಳ್ಳಿ.

ಈಗಾಗಲೇ ಎಲ್ಲೋ ಮಾಡಿಸಿ ಆಗಿದೆ, ಅನುಮಾನ ಇದೆ ಅನ್ನುವವರು ಮನೆಯಲ್ಲೇ ನೋಡಬಹುದು. ಗಾಳಿ ಪೂರ್ತಿ ಬಿಡಿ. ಓ-ರಿಂಗ್ ಕೆಳಗೆ ಸರಿಸಿ, ಹ್ಯಾಂಡಲ್ ಒತ್ತಿ. ಗಾಳಿ ಇಲ್ಲದ ಫೋರ್ಕ್ ಹೆಚ್ಚು ಕಡಿಮೆ ಕೊನೆಯವರೆಗೂ ಇಳಿಯಬೇಕು. ಅರ್ಧಕ್ಕೇ ಗಟ್ಟಿಯಾಗಿ ನಿಂತರೆ ಕಾಲಿನಲ್ಲಿ ಆಯಿಲ್ ತುಂಬಿರುವ ಸಾಧ್ಯತೆ ಜಾಸ್ತಿ. ಹಾಗೇ ಓಡಿಸಬೇಡಿ, ಬಿಚ್ಚಿಸಿ ಖಾಲಿ ಮಾಡಿಸಿ. ಪೈಪಿನ ಮೇಲೆ ತೆಳ್ಳಗಿನ ಎಣ್ಣೆ ಉಂಗುರ ಕಂಡರೆ ಹೆದರಬೇಕಿಲ್ಲ, ಅದು ಇರುವುದೇ. ಹನಿಯಾಗಿ ಇಳಿದು ಕಾಲಿಗೆ ಗೆರೆ ಬಿದ್ದಿದ್ದರೆ ಮಾತ್ರ ಸೀಲ್ ಹೋಗಿದೆ ಅಂತ. ಎಣ್ಣೆ ಡಿಸ್ಕ್‌ಗೆ ತಾಗಿದ್ದರೆ ಡಿಸ್ಕನ್ನು ಆಲ್ಕೋಹಾಲ್‌ನಿಂದ ಒರೆಸಿ ಉಳಿಸಿಕೊಳ್ಳಬಹುದು. ಪ್ಯಾಡ್ ಎಣ್ಣೆ ಕುಡಿದಿದ್ದರೆ ಸುಟ್ಟು, ಉಜ್ಜಿ ಸರಿ ಮಾಡೋಣ ಅಂತ ಕೂರಬೇಡಿ. ಹೊಸದು ಹಾಕಿಸಿ.