ಆರ್‌ಟಿಎಕ್ಸ್ 4060 ಇಲ್ಲವೇ ಆರ್ಕ್ ಬಿ580: ಮನೆಯ ಹೊಸ ಪಿಸಿಗೆ ಯಾವುದು?

ಹೆಚ್ಚು ದುಡ್ಡು ಸುರಿಯದೆ ಮನೆಗೊಂದು ಗೇಮಿಂಗ್ ಪಿಸಿ ಜೋಡಿಸಲು ಹೊರಟರೆ ಗ್ರಾಫಿಕ್ಸ್ ಕಾರ್ಡಿಗೆ, ಅಂದರೆ ತೆರೆಯ ಮೇಲೆ ಆಟದ ಚಿತ್ರ ಮೂಡಿಸುವ ಭಾಗಕ್ಕೆ, ಈ ಎರಡು ಹೆಸರು ಎದುರಾಗುತ್ತವೆ: ಎನ್‌ವಿಡಿಯಾ 2023ರಲ್ಲಿ ತಂದ ಆರ್‌ಟಿಎಕ್ಸ್ 4060, ಇಂಟೆಲ್ 2024ರ ಡಿಸೆಂಬರಿನಲ್ಲಿ ತಂದ ಆರ್ಕ್ ಬಿ580.

ನಾನು ಮೊದಲು ನೋಡುವುದು ಕಾರ್ಡಿನ ಸ್ವಂತ ಮೆಮೊರಿ. 4060ರಲ್ಲಿ 8 ಜಿಬಿ, 128 ಬಿಟ್ ಬಸ್ (ಆ ಮೆಮೊರಿಗೆ ಡೇಟಾ ಓಡಾಡುವ ದಾರಿಯ ಅಗಲ); ಬಿ580ರಲ್ಲಿ 12 ಜಿಬಿ, 192 ಬಿಟ್. ಈಚಿನ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಏರಿಸಿದರೆ 8 ಜಿಬಿ ಬೇಗ ತುಂಬುತ್ತದೆ. ಹಿಡಿಸದ್ದು ಪಿಸಿಯ ಸಾಮಾನ್ಯ ರ‍್ಯಾಮ್‌ಗೆ ಹೋಗುತ್ತದೆ, ಆಟ ತಡವರಿಸುತ್ತದೆ. 1440ಪಿ (ಫುಲ್ ಎಚ್‌ಡಿಗಿಂತ ಸ್ಪಷ್ಟ ಚಿತ್ರದ) ಮಾನಿಟರ್ ಇರುವವರಿಗೆ ಬಿ580 ಒಳ್ಳೆಯದು ಎನ್ನಲು ಇದೇ ಕಾರಣ.

ಆದರೆ ಇಂಟೆಲ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುತ್ತದೆ. ರೈಜೆನ್ 5 2600ನಂಥ ಹಳೆಯ ಚಿಪ್ ಜೊತೆ ಕೂಡಿಸಿದರೆ ಕೆಲವು ಗೇಮ್‌ಗಳಲ್ಲಿ ವೇಗ ತೀರಾ ಕುಸಿಯುತ್ತದೆ. ಹಳೆಯ ಪ್ರೊಸೆಸರನ್ನೇ ಉಳಿಸಿಕೊಳ್ಳುವವರು ದಯವಿಟ್ಟು 4060 ತೆಗೆದುಕೊಳ್ಳಿ.

ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಬಳಸುವವರಿಗೂ, ಕ್ಯೂಡಾ (ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕಾಚಾರ ಮಾಡಿಸುವ ವ್ಯವಸ್ಥೆ) ಬೇಡುವ ಎಐ ಪ್ರಯೋಗ ಮಾಡುವವರಿಗೂ 4060 ಸಲೀಸು. ಎಐ ಬಳಸಿ ಆಟದ ವೇಗ ಏರಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಇರುವ ಗೇಮ್‌ಗಳೂ ಹೆಚ್ಚು.

ವಿದ್ಯುತ್ತಿನಲ್ಲಿ 4060ರದು 115 ವಾಟ್, ಬಿ580ರದು 190. ಕರೆಂಟ್ ಹೋದಾಗ ಚಿಕ್ಕ ಯುಪಿಎಸ್ ನಂಬಿರುವ ಮನೆಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಎಎಮ್‌ಡಿಯ ಆರ್‌ಎಕ್ಸ್ 7600 ಕೂಡ 8 ಜಿಬಿಯದೇ. ಬೆಲೆ ಚೆನ್ನಾಗಿ ಇಳಿದಿದ್ದರೆ ಮಾತ್ರ ಯೋಚಿಸಿ.

ಬಿ580 ಕೊಂಡರೆ, ಅಂಗಡಿಯಲ್ಲೇ ಬಯೋಸ್ (ಪಿಸಿಯ ಮೂಲ ಸೆಟ್ಟಿಂಗ್) ತೆರೆಸಿ, ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ ‘ರಿಸೈಜಬಲ್ ಬಾರ್’ ಆನ್ ಮಾಡಿಸಿಕೊಳ್ಳಿ. ಅದು ಆಫ್ ಇದ್ದರೆ ಈ ಕಾರ್ಡ್ ಅರ್ಧ ಮನಸ್ಸಿನಲ್ಲೇ ಓಡುತ್ತದೆ.