ಎರೆಹುಳು ಇಲ್ಲದ ಆರು ಸಂಪುಟ: ಲಿಬ್ಬಿ ಹೈಮನ್ ಸೆಟ್ ಕೊಳ್ಳಬಹುದಾ?

ಎರೆಹುಳು, ಜಿರಳೆ, ಸಿಗಡಿ ಬೇಕು ಅನ್ನುವವರು ಈ ಸೆಟ್ ಕೊಳ್ಳಬೇಡಿ. ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಪ್ರಾಣಿಶಾಸ್ತ್ರಜ್ಞೆ ಲಿಬ್ಬಿ ಹೈಮನ್ ಬೆನ್ನುಮೂಳೆ ಇಲ್ಲದ ಪ್ರಾಣಿಗಳ ಮೇಲೆ ಬರೆದ ‘ದಿ ಇನ್‌ವರ್ಟಿಬ್ರೇಟ್ಸ್’ ಒಟ್ಟು ಆರು ಸಂಪುಟ, ಸಾವಿರಾರು ಪುಟ. ಆದರೆ ನಮ್ಮ ಕಾಲದ ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಟ್ರೇಗೆ ಪಿನ್ ಹೊಡೆಸಿಕೊಂಡು ಮಲಗಿರುತ್ತಿದ್ದ ಈ ಮೂರೂ ಪ್ರಾಣಿಗಳು ಅದರಲ್ಲಿ ಇಲ್ಲ. ಎಂಎಸ್ಸಿ ಸಿಲಬಸ್ಸಿನ ಕೊನೆಯ ಪುಸ್ತಕಪಟ್ಟಿಯಲ್ಲಿ ‘ಹೈಮನ್’ ಅನ್ನುವ ಹೆಸರು ನೋಡಿ ಸೀದಾ ಆರ್ಡರ್ ಮಾಡಿದವರಿಗೆ ಬೇಜಾರಾಗುವುದು ಗ್ಯಾರಂಟಿ.

ನಾನು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಕೆಲಸದಲ್ಲಿದ್ದಾಗ ಲೈಬ್ರರಿಯ ಪ್ರತಿಯನ್ನು ಎರವಲು ತಂದು ನೋಟ್ಸ್ ಮಾಡಿಕೊಂಡಿದ್ದೆ, ಅಷ್ಟೆ. ಈಗ ಒಂದೊಂದೇ ಸಂಪುಟವನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿಕೊಂಡಿದ್ದೇನೆ. ಸಾಗಣೆ ಸೇರಿ ಒಂದಕ್ಕೆ 4,000 ರೂಪಾಯಿಯ ಹತ್ತಿರ ಬಿತ್ತು. ‘ವೆರಿ ಗುಡ್’ ಅಂತ ಬರೆದಿದ್ದ ಮಾರಾಟಗಾರ ಕಳಿಸಿದ ಎರಡನೇ ಸಂಪುಟದ ಬೆನ್ನು ಕಿತ್ತು ಬಂದಿತ್ತು. ಫೋಟೋ ಕೇಳದೆ ದುಡ್ಡು ಕಳಿಸಬೇಡಿ. ಬೈಂಡಿಂಗ್ ಮಾಡಿಸಿದ ಮೇಲೆ ಈಗ ಗಟ್ಟಿಯಾಗಿದೆ. ಒಳಗಿನ ಕಾಗದ ಮಾತ್ರ ಇನ್ನೂ ಚೆನ್ನಾಗಿದೆ, ಮಡಚಿದರೂ ಮುರಿಯುವುದಿಲ್ಲ.

ಇಷ್ಟು ದೊಡ್ಡ ಪುಸ್ತಕದಲ್ಲಿ ಎರೆಹುಳು ಯಾಕಿಲ್ಲ? ಬರೆದವರ ಬದುಕು ನೋಡಿದರೆ ಗೊತ್ತಾಗುತ್ತದೆ.

ಹೈಮನ್ ಹುಟ್ಟಿದ್ದು 1888ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೆ ಮೊಯಿನ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಫೋರ್ಟ್ ಡಾಡ್ಜ್ ಅನ್ನುವ ಸಣ್ಣ ಊರಿನಲ್ಲಿ. ಅಪ್ಪನದು ಬಟ್ಟೆ ಅಂಗಡಿ, ವ್ಯಾಪಾರ ಅಷ್ಟಕ್ಕಷ್ಟೆ. ವಲಸೆ ಬಂದ ಯಹೂದಿ ಕುಟುಂಬ. 1905ರಲ್ಲಿ ಹೈಸ್ಕೂಲನ್ನು ಮೊದಲ ಸ್ಥಾನದಲ್ಲಿ ಮುಗಿಸಿದ ಹುಡುಗಿ ಮುಂದೇನು ಅಂತ ತಿಳಿಯದೆ ಫ್ಯಾಕ್ಟರಿಗೆ ಸೇರಿ ಓಟ್ಸ್ ಡಬ್ಬಗಳಿಗೆ ಲೇಬಲ್ ಅಂಟಿಸುತ್ತಿದ್ದರು. ಕೆಲಸ ಮುಗಿಸಿ ಬರುವಾಗ ಹಳೆಯ ಟೀಚರ್ ಮೇರಿ ಕ್ರಾಫರ್ಡ್ ಕಣ್ಣಿಗೆ ಬಿದ್ದರು. ಆ ಟೀಚರ್ ಓಡಾಡಿ ಶಿಕಾಗೋ ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್ ಕೊಡಿಸಿದ್ದರಿಂದ 1906ರಲ್ಲಿ ಓದು ಮುಂದುವರಿಯಿತು. ಇಂಥ ಒಬ್ಬ ಟೀಚರ್ ಸಿಗದೆ ಹೋದ ಹುಡುಗಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಇಷ್ಟಪಟ್ಟದ್ದು ಸಸ್ಯಶಾಸ್ತ್ರ. ಆ ವಿಭಾಗದ ಲ್ಯಾಬಿನಲ್ಲಿ ಯಹೂದಿ ಅನ್ನುವ ಕಾರಣಕ್ಕೆ ಒಬ್ಬ ಸಹಾಯಕರಿಂದ ಕಿರುಕುಳವಾಯಿತು. ಪ್ರಾಣಿಶಾಸ್ತ್ರದ ಕಡೆ ಬಂದು 1910ರಲ್ಲಿ ಪದವಿ, 1915ರಲ್ಲಿ ಅಲ್ಲಿನ ಪ್ರೊಫೆಸರ್ ಚಾರ್ಲ್ಸ್ ಮ್ಯಾನಿಂಗ್ ಚೈಲ್ಡ್ ಕೈಕೆಳಗೆ ಪಿಎಚ್‌ಡಿ ಮುಗಿಸಿದರು. ಆಮೇಲೂ ಅವರ ಲ್ಯಾಬಿನಲ್ಲೇ ಸಂಶೋಧನಾ ಸಹಾಯಕಿಯಾಗಿ ಉಳಿದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ಅಣ್ಣತಮ್ಮಂದಿರು ಶಿಕಾಗೋಗೇ ಬಂದರು. ಹಗಲು ಲ್ಯಾಬು, ಮನೆಗೆ ಬಂದರೆ ಅಡುಗೆ, ಕಸಮುಸುರೆ. ಮಗಳು ವಿಜ್ಞಾನಿ ಆಗುವುದು ಮನೆಯವರಿಗೂ ಇಷ್ಟವಿರಲಿಲ್ಲ.

ಕೈಹಿಡಿದದ್ದು ಲ್ಯಾಬ್ ಮ್ಯಾನ್ಯುಯಲ್ಲು. ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ಹೇಳಿಕೊಡುತ್ತಾ 1919ರಲ್ಲಿ ಒಂದು, 1922ರಲ್ಲಿ ಬೆನ್ನುಮೂಳೆ ಇರುವ ಪ್ರಾಣಿಗಳ ಅಂಗರಚನೆಯ ಮೇಲೆ ಇನ್ನೊಂದು ಬರೆದರು. ಎರಡೂ ಚೆನ್ನಾಗಿ ಮಾರಾಟವಾದವು. ಆಕೆಗೆ ಬೆನ್ನುಮೂಳೆ ಇರುವ ಪ್ರಾಣಿಗಳ ಮೇಲೆ ಅಂಥ ಪ್ರೀತಿ ಏನೂ ಇರಲಿಲ್ಲ. ಆದರೆ ಅವುಗಳ ಪುಸ್ತಕದ ರಾಯಲ್ಟಿ ಇದೆ ಅನ್ನುವ ಧೈರ್ಯದಲ್ಲೇ 1931ರಲ್ಲಿ ಕೆಲಸ ಬಿಟ್ಟು, ಬೆನ್ನುಮೂಳೆ ಇಲ್ಲದವುಗಳ ಹಿಂದೆ ಬಿದ್ದರು! ಅಮ್ಮ 1929ರಲ್ಲೇ ತೀರಿಕೊಂಡಿದ್ದರು. ಯುರೋಪ್ ಸುತ್ತಿ ಬಂದು, ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಹತ್ತಿರ ಮನೆ ಮಾಡಿದರು. ಮ್ಯೂಸಿಯಂನ ಲೈಬ್ರರಿಗಾಗಿಯೇ. 1937ರಲ್ಲಿ ಮ್ಯೂಸಿಯಂನವರು ಒಂದು ಕೋಣೆ, ಒಂದು ಗೌರವ ಹುದ್ದೆ ಕೊಟ್ಟರು. ಸಂಬಳ ಇಲ್ಲ. ಪ್ರೊಫೆಸರ್ ಹುದ್ದೆಯಂತೂ ಜೀವನದಲ್ಲಿ ಸಿಗಲೇ ಇಲ್ಲ.

ಮೊದಲ ಸಂಪುಟ ಬಂದದ್ದು 1940ರಲ್ಲಿ. ಎರಡು ಮತ್ತು ಮೂರು ಒಟ್ಟಿಗೆ 1951ರಲ್ಲಿ, ನಾಲ್ಕು 1955ರಲ್ಲಿ, ಐದು 1959ರಲ್ಲಿ, ಆರು 1967ರಲ್ಲಿ. ಸಂಶೋಧನಾ ವಿದ್ಯಾರ್ಥಿಗಳ ದಂಡಿಲ್ಲ, ಸಹಾಯಕರಿಲ್ಲ. ಓದುವುದು, ಟಿಪ್ಪಣಿ ಮಾಡುವುದು, ಟೈಪ್ ಮಾಡುವುದು ಎಲ್ಲ ಒಬ್ಬರೇ. ಆರನೆಯದು ಬಂದಾಗ ವಯಸ್ಸು 78, ಪಾರ್ಕಿನ್ಸನ್ ಕಾಯಿಲೆ ಬೇರೆ. ಅದರ ಮುನ್ನುಡಿಯಲ್ಲೇ ಇನ್ನು ಸಾಕು ಅಂತ ವಿದಾಯ ಹೇಳಿಬಿಟ್ಟರು. 1969ರಲ್ಲಿ ತೀರಿಕೊಂಡರು. ಎರೆಹುಳು, ಜಿರಳೆ, ಸಿಗಡಿಗಳ ಸರದಿ ಬರಲೇ ಇಲ್ಲ. ತಮಾಷೆ ಏನು ಗೊತ್ತಾ? ಆಕೆಯ ಪಿಎಚ್‌ಡಿ ಪ್ರಬಂಧ ಎರೆಹುಳುವಿನ ಬಳಗದ ಪುಟ್ಟ ಹುಳುಗಳು ತುಂಡಾದಾಗ ಮತ್ತೆ ಹೇಗೆ ಬೆಳೆಯುತ್ತವೆ ಅನ್ನುವುದರ ಮೇಲೆಯೇ ಇತ್ತು. ಇನ್ನೂ ತಮಾಷೆ ಅಂದರೆ, ಐದನೇ ಸಂಪುಟದಲ್ಲಿ ಬೇರೆ ವಂಶ ಅಂತ ಅವರು ಇಟ್ಟಿರುವ ಸೈಪನ್‌ಕ್ಯುಲಿಡ್ ಮತ್ತು ಪೋಗನೋಫೋರ ಅನ್ನುವ ಕಡಲ ಹುಳುಗಳನ್ನು ಈಗ ಎರೆಹುಳುವಿನ ಅನೆಲಿಡ ವಂಶಕ್ಕೇ ಸೇರಿಸಿದ್ದಾರೆ. ಹಿಂಬಾಗಿಲಿನಿಂದ ನೆಂಟರು ಬಂದು ಕೂತಿದ್ದಾರೆ.

ಒಂದೇ ಕೈ ಬರೆದದ್ದರ ಲಾಭ ನೋಡಬೇಕಾದರೆ ಎರಡನೇ ಸಂಪುಟ ತೆಗೆಯಿರಿ, ಚಪ್ಪಟೆ ಹುಳುಗಳದ್ದು. ಇದು ಆಕೆಯ ಸ್ವಂತ ಕ್ಷೇತ್ರ. ಲ್ಯಾಬುಗಳಲ್ಲಿ ಎಲ್ಲರೂ ಬಳಸುತ್ತಿದ್ದ ಪ್ಲನೇರಿಯ ಅನ್ನುವ ಚಪ್ಪಟೆ ಹುಳು, ಹೈಡ್ರ ಅನ್ನುವ ನೀರಿನ ಪುಟ್ಟ ಪ್ರಾಣಿಗಳಿಗೇ ಸರಿಯಾದ ಹೆಸರಿಲ್ಲ ಅಂತ ಕಂಡು, ವರ್ಗೀಕರಣಕ್ಕೆ ಇಳಿದವರು ಅವರು. ಅದಕ್ಕೇ ಪ್ಲನೇರಿಯದ ಪುಟಗಳಲ್ಲಿ ಹುಳು ಹೊಟ್ಟೆಯ ಮಧ್ಯದಿಂದ ಗಂಟಲನ್ನು ಕೊಳವೆ ಥರ ಹೊರಗೆ ಚಾಚಿ ತಿನ್ನುವುದನ್ನು ಓದುವಾಗ ಪಕ್ಕದಲ್ಲಿ ನಿಂತು ತೋರಿಸಿದ ಹಾಗಿರುತ್ತದೆ. ಚಿತ್ರಗಳೂ ಅವರದೇ ಕೈಯವು. ಬಣ್ಣ ಇಲ್ಲ, ಅಲಂಕಾರ ಇಲ್ಲ. ಈಗಿನ ಪುಸ್ತಕಗಳ ಹೊಳೆಯುವ ಫೋಟೋಗಳಲ್ಲಿ ಕಾಣದ ಒಳಗಿನ ಭಾಗಗಳು ಈ ಕಪ್ಪು ಗೆರೆಗಳಲ್ಲಿ ಚೊಕ್ಕಟವಾಗಿ ಕಾಣುತ್ತವೆ.

ಸುಮ್ನೆ ಹೊಗಳುವುದಲ್ಲ, ಓದುವುದು ಸುಲಭವಿಲ್ಲ. ಪುಟಗಟ್ಟಲೆ ಒಂದೇ ಪ್ಯಾರಾ ಬರುತ್ತದೆ. ಯಾರೋ ತಪ್ಪು ಬರೆದಿದ್ದಾರೆ ಅನ್ನಿಸಿದರೆ ಮುಲಾಜಿಲ್ಲದೆ ಹೇಳುತ್ತಾರೆ, ನನಗೆ ಅದು ಇಷ್ಟ. ವರ್ಗೀಕರಣ ಮಾತ್ರ ಈಗಿನ ಪರೀಕ್ಷೆಗೆ ನಂಬಬೇಡಿ. ಮೂರನೇ ಸಂಪುಟದ ‘ಆಸ್ಕೆಲ್ಮಿಂಥಿಸ್’ ಅನ್ನುವ ವಂಶ ಈಗ ಒಡೆದು ಚೂರಾಗಿದೆ. ಡಿಎನ್‌ಎ ಅಧ್ಯಯನಗಳು ಬಂದ ಮೇಲೆ ಅದರಲ್ಲಿದ್ದ ದುಂಡು ಹುಳುಗಳು ಜಿರಳೆಯ ನೆಂಟರಾಗಿವೆ. ದೇಹರಚನೆಯ ವಿವರ ಮಾತ್ರ ಹಳೆಯದಾಗಿಲ್ಲ. ಹುಳುವಿನ ಗಂಟಲು ಅಲ್ಲೇ ಇದೆ, ಅಲ್ವಾ?

ಪ್ರಾಣಿಶಾಸ್ತ್ರಕ್ಕೆ ಕೊಡುವ 1951ರ ಎಲಿಯಟ್ ಪದಕ, 1954ರಲ್ಲಿ ಅಮೆರಿಕದ ವಿಜ್ಞಾನಿಗಳ ನ್ಯಾಷನಲ್ ಅಕಾಡೆಮಿ ಸದಸ್ಯತ್ವ, 1960ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಚಿನ್ನದ ಪದಕ, ಇವೆಲ್ಲ ಈ ಪುಸ್ತಕದ ಬಲದಿಂದಲೇ ಬಂದವು.

ಪೂರ್ತಿ ಸೆಟ್ಟಿಗೆ ದುಡ್ಡು ಹಾಕಬೇಕಾದ್ದು ಕಾಲೇಜು ಲೈಬ್ರರಿಗಳು. ಮನೆಗೆ ಒಂದೇ ಬೇಕಿದ್ದರೆ ಎರಡನೆಯದು. ಕಾರವಾರದಲ್ಲಿ ಮರೈನ್ ಬಯಾಲಜಿ ಓದುವ ಮಕ್ಕಳಿಗೆ ನಾಲ್ಕನೆಯದು, ನಕ್ಷತ್ರ ಮೀನು, ಕಡಲ ಸೌತೆಗಳದ್ದು. ಆರನೆಯದರ ಮೇಲೆ ‘ಮಾಲಸ್ಕ’, ಅಂದರೆ ಮೃದ್ವಂಗಿಗಳು, ಅಂತಿದ್ದರೂ ಕಪ್ಪೆಚಿಪ್ಪು, ಬೊಂಡಾಸ್ (ಸ್ಕ್ವಿಡ್) ಅದರಲ್ಲಿ ಸಿಗುವುದಿಲ್ಲ. ಬಸವನಹುಳು ಹುಚ್ಚು ಇರುವವರು ಮಾತ್ರ ತರಿಸಿಕೊಳ್ಳಿ.