ಬಾಡಿಗೆ ತಡ ಆದಾಗ ‘ಪರವಾಗಿಲ್ಲ’ ಅಂತ ಮೆಸೇಜ್ ಹಾಕೋರೇ, ಹುಷಾರು

ಮನೆ ಬಾಡಿಗೆಗೆ ಕೊಟ್ಟಿರೋರು, ಕೊಡೋಕೆ ಹೊರಟಿರೋರು ದಯವಿಟ್ಟು ಪೂರ್ತಿ ಓದಿ. ಬಾಡಿಗೆ ಕೊಡದೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದವರ ಕಥೆ ಅಲ್ಲ ಇದು. ಕೊಡ್ತಾರೆ ಸ್ವಾಮಿ, ಕೊಡ್ತಾರೆ. ಹೇಳಿದ ದಿನ ಮಾತ್ರ ಕೊಡಲ್ಲ!

ನಮ್ಮ ಮನೆ ಬಾಡಿಗೆಗೆ ಇದ್ದೋನ ಅಗ್ರಿಮೆಂಟಲ್ಲಿ 5ನೇ ತಾರೀಖು ಅಂತ ಸ್ಪಷ್ಟವಾಗಿ ಇತ್ತು. ಮೊದಮೊದಲು 5ಕ್ಕೇ ಬರ್ತಿತ್ತು. ಆಮೇಲೆ 8 ಆಯ್ತು, 12 ಆಯ್ತು, ನೋಡ್ತಾ ನೋಡ್ತಾ 20. “ಆಂಟಿ, ಸಂಬಳ ಇನ್ನೂ ಆಗಿಲ್ಲ.” “ಆಂಟಿ, ಬ್ಯಾಂಕ್ ಸರ್ವರ್ ಡೌನು.” “ಆಂಟಿ, ಅರ್ಧ ಹಾಕಿದೀನಿ, ಉಳಿದದ್ದು ಶನಿವಾರ ಪಕ್ಕಾ.” ಯಾವ ಶನಿವಾರ ಅಂತ ಮಾತ್ರ ಹೇಳ್ತಿರಲಿಲ್ಲ. ನನ್ನ ದುಡ್ಡು ಕೇಳೋಕೆ ನಾನೇ ಸಾಲ ಕೇಳೋರ ಹಾಗೆ ಹಲ್ಲು ಗಿಂಜಬೇಕು. ಅರ್ಧರ್ಧ ಹಾಕಿ ಹಾಕಿ ಯಾವ ದುಡ್ಡು ಯಾವ ತಿಂಗಳದ್ದು ಅನ್ನೋ ಲೆಕ್ಕಾನೂ ಕಲಸಿಹೋಯ್ತು. ಮನುಷ್ಯ ಮಾತಲ್ಲಿ ಮಾತ್ರ ಬೆಣ್ಣೆ. ನಾನೂ ಮನುಷ್ಯತ್ವ ಅಂತ “ಪರವಾಗಿಲ್ಲ, ಆದಾಗ ಹಾಕಪ್ಪಾ” ಅಂತಿದ್ದೆ.

ಕೊನೆಗೆ ಸಾಕಾಗಿ, ಇನ್ಮೇಲೆ 5ಕ್ಕೇ ಬೇಕು, ಆಗಲ್ಲಾಂದ್ರೆ ಮನೆ ಖಾಲಿ ಮಾಡಿ ಅಂತ ಬರೆದು ಕಳಿಸಿದೆ. ಉತ್ತರ ಬಂತು ನೋಡಿ:

“ಮೇಡಂ, ನೀವೇ ಒಪ್ಪಿದ್ದೀರಲ್ಲ.”

ಅಷ್ಟು ದಿನ ಆಂಟಿ ಆಗಿದ್ದೋಳು ಒಂದೇ ಮೆಸೇಜಿಗೆ ಮೇಡಂ ಆದೆ! ಅದರ ಹಿಂದೇನೇ ಸಾಲಾಗಿ ಸ್ಕ್ರೀನ್‌ಶಾಟ್‌ಗಳು. ಎಲ್ಲಾ ನನ್ನವೇ. “ಪರವಾಗಿಲ್ಲ.” “ಸರಿ ಬಿಡಿ.” ಒಂದು ಕಡೆ ಬರೀ ಹೆಬ್ಬೆರಳಿನ ಎಮೋಜಿ, ಅದಕ್ಕೂ ಕೆಂಪು ಗೆರೆ ಎಳೆದಿದಾನೆ. ತಾರೀಖಿನ ಪ್ರಕಾರ ನೀಟಾಗಿ ಜೋಡಿಸಿ ಇಟ್ಟಿದ್ದ. ಅಂದ್ರೆ ಮೊದಲಿಂದಲೂ ತೆಗೆದಿಡ್ತಾ ಬಂದಿದಾನೆ! ನಾನು ಪಾಪ ಅಂತಿದ್ದಾಗಲೇ ಅವನು ಸಾಕ್ಷಿ ಕೂಡಿಹಾಕ್ತಿದ್ದ. ಓದ್ತಾ ಮೈಯೆಲ್ಲಾ ಉರಿದುಹೋಯ್ತು. ಮನೆಯವರ ಮುಂದೆ ಫೋನ್ ತೋರಿಸೋಕೂ ನಾಚಿಕೆ. “ಇಷ್ಟು ತಿಂಗಳು 20ಕ್ಕೆ ತಗೊಂಡು ಈಗ 5 ಅಂದ್ರೆ ಹೇಗೆ ಮೇಡಂ? ಕೋರ್ಟಲ್ಲೂ ಇದನ್ನೇ ತೋರಿಸ್ತೀನಿ” ಅಂತ ಬೇರೆ.

ವಕೀಲರ ಹತ್ರ ಹೋದೆ. ತಡವಾಗಿ ಬಂದದ್ದನ್ನ ತಕರಾರಿಲ್ಲದೆ ತಗೊಳ್ತಾ ಹೋದ್ರೆ, ನೀವು ಒಪ್ಪಿದ್ರಿ ಅಂತ ಎದುರಿನವರು ವಾದ ಮಾಡೋಕೆ ದಾರಿ ಆಗುತ್ತೆ ಅಂದ್ರು. ತಡ ಆದ್ರೆ ದಂಡ ಅಂತ ಅಗ್ರಿಮೆಂಟಲ್ಲಿ ಒಂದು ಸಾಲೂ ಇಲ್ಲ, ಕೇಳೋದು ಕಷ್ಟ ಅಂದ್ರು. ಕರೆಂಟ್ ಫ್ಯೂಸ್ ಕಿತ್ತುಬಿಡ್ಲಾ ಅಂದೆ ಸಿಟ್ಟಿಗೆ. “ಅಮ್ಮಾ, ನೀರು, ಕರೆಂಟು, ಬೀಗ ಇವುಗಳ ತಂಟೆಗೆ ಹೋದ್ರೆ ಕೇಸು ನಿಮ್ಮ ಮೇಲೇ ಬೀಳುತ್ತೆ” ಅಂದ್ರು. ಹೇಳಿದ ದಿನ ಬಾಡಿಗೆ ಕೊಡದೇ ಇರೋನು ಅವನು, ಕೇಸು ನನ್ನ ಮೇಲೆ!

ಆಮೇಲೆ ವಕೀಲರ ನೋಟಿಸ್ ಹೋಯ್ತು, ಮನೆ ಖಾಲಿ ಆಯ್ತು. ಕೊನೇ ತಿಂಗಳುಗಳ ಬಾಡಿಗೆ? “ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಮೇಡಂ.” ಹಿಡ್ಕೊಂಡೆ. ಒಡೆದ ಸಿಂಕು, ಕಿತ್ತ ಬಾಗಿಲ ಚಿಲಕಕ್ಕೆ ಹಿಡ್ಕೊಳ್ಳೋಕೆ ಏನೂ ಉಳಿದಿರಲಿಲ್ಲ.

ನೀವು ಮನೆ ಬಾಡಿಗೆಗೆ ಕೊಡೋದಾದ್ರೆ ತಡದ ದಂಡ ಎಷ್ಟು ಅಂತ ಅಗ್ರಿಮೆಂಟಲ್ಲೇ ಬರೆಸಿ. ದುಡ್ಡು ಬ್ಯಾಂಕಿಗೇ ಬರಲಿ. ಅರ್ಧ ಹಾಕಿದ್ರೆ “ಇದು ಇಂಥ ತಿಂಗಳದ್ದು, ಇಷ್ಟು ಬಾಕಿ, ಕೊನೇ ದಿನ 5ನೇ ತಾರೀಖೇ” ಅಂತ ಆವತ್ತೇ ಬರೆದು ಹಾಕಿ. ಕರುಣೆ ಉಕ್ಕಿದ್ರೆ “ಈ ತಿಂಗಳಿಗೆ ಮಾತ್ರ” ಅಂತ ಸೇರಿಸಿ. ಎಮೋಜಿ ಬೇಡವೇ ಬೇಡ.

ಅಂದಹಾಗೆ, ಇವನನ್ನ ಸೇರಿಸೋ ಮುಂಚೆ ಅವನ ಆಗಿನ ಓನರ್‌ಗೆ ಫೋನ್ ಮಾಡಿ ವಿಚಾರಿಸಿದ್ದೆ. “ತುಂಬಾ ಒಳ್ಳೇ ಜನ, ಕಣ್ಮುಚ್ಚಿ ಕೊಡಿ. ಯಾವಾಗ ಶಿಫ್ಟ್ ಆಗ್ತಾರಂತೆ?” ಅಂದಿದ್ರು ಪುಣ್ಯಾತ್ಮರು. ಆ ಪ್ರಶ್ನೆ ಯಾಕೆ ಬಂತು ಅಂತ ಈಗ ಗೊತ್ತಾಗ್ತಿದೆ. ಈಗಿರೋ ಮನೆ ಓನರ್‌ನ ಕೇಳ್ಬೇಡಿ, ಅವರಿಗೆ ಸಾಗಹಾಕೋ ಆತುರ. ಅದಕ್ಕೂ ಹಿಂದಿನ ಮನೆಯವರನ್ನ ಹುಡುಕಿ ಕೇಳಿ.